ಟೆಂಪಿಯ ಹೆಸರಿನ ಕಲ್ಲು

ಹಿಕರಿ ಹಳ್ಳದ ದಾರಿಯಲ್ಲಿ ಶಾಲೆಯ ಬಸ್ಸು ಓಡಿಸುವುದು ಹುಡುಗಾಟದ ಮಾತಲ್ಲ. ಒಂದು ಬದಿ ಬಂಡೆ, ಇನ್ನೊಂದು ಬದಿ ನೀರು, ಎದುರಿನಿಂದ ಕಲ್ಲಿದ್ದಲು ಹೇರಿಕೊಂಡು ತಮ್ಮಪ್ಪನ ರಸ್ತೆ ಎಂಬಂತೆ ನುಗ್ಗುವ ಲಾರಿಗಳು. ವರ್ಡಾ ಆ ದಾರಿಯಲ್ಲಿ ತನ್ನ ಯೌವನವನ್ನೆಲ್ಲ ಕಳೆದಳು, ಒಂದು ಮಗುವಿನ ಮೈಮೇಲೂ ಗೀರು ಬೀಳಲು ಬಿಡಲಿಲ್ಲ. ಯಾವ ತಿರುವಿನಲ್ಲಿ ಯಾರ ಮನೆ, ಯಾವ ಮನೆಯ ಕೂಸು ಬೆಳಿಗ್ಗೆ ಏನೂ ತಿನ್ನದೆ ಬಂದಿದೆ ಎಂಬುದು ತಲೆಯ ಮೇಲಿನ ಕನ್ನಡಿಯಲ್ಲಿ ಒಮ್ಮೆ ಕಣ್ಣು ಹಾಯಿಸಿದರೆ ಅವಳಿಗೆ ತಿಳಿಯುತ್ತಿತ್ತು. ಅಂಥವರಿಗಾಗಿ ಸೀಟಿನ ಕೆಳಗೆ ಒಂದು ಡಬ್ಬದಲ್ಲಿ ಮೆಕ್ಕೆಜೋಳದ ರೊಟ್ಟಿ ಇರುತ್ತಿತ್ತು. ಮದುವೆಯಾಗಲಿಲ್ಲ. ಕೇಳಿದವರಿಗೆ, ಬಸ್ಸಿನ ತುಂಬ ಮಕ್ಕಳಿದ್ದಾರೆ, ಸಂಜೆ ನಾಲ್ಕಕ್ಕೆ ಅವರವರ ಮನೆಗೆ ಬಿಟ್ಟು ಬರುವ ಸುಖ ನಿಮಗೆಲ್ಲಿದೆ ಎನ್ನುತ್ತಿದ್ದಳು.

ಕೆಲಸದಿಂದ ಬಿಡುಗಡೆಯಾದ ಮೇಲೆ ನಮ್ಮ ಕಡೆ ಗಂಡಸರು ಮೀನು ಹಿಡಿಯುತ್ತಾರೆ, ಹೆಂಗಸರು ಚೂರುಬಟ್ಟೆ ಸೇರಿಸಿ ಕೌದಿ ಹೊಲಿಯುತ್ತಾರೆ. ವರ್ಡಾ ಸತ್ತವರನ್ನು ಹುಡುಕಲು ಹೊರಟಳು. ಕೆಂಟಕಿಯ ಈ ಬೆಟ್ಟಗಳಲ್ಲಿ ಇದು ಹೊಸ ಹುಚ್ಚೇನಲ್ಲ. ಇಲ್ಲಿ ಹೊಸಬರನ್ನು ಕಂಡರೆ ನಾವು ಹೆಸರು ಕೇಳುವುದಿಲ್ಲ, ನೀನು ಯಾರ ಪೈಕಿ ಎಂದು ಕೇಳುತ್ತೇವೆ. ಆದರೆ ಹುಚ್ಚಿನಲ್ಲೂ ತರಹೇವಾರಿ ಇದೆಯಲ್ಲ. ವರ್ಡಾಳ ಸೋದರಮಾವನ ಮಗ ಡೆಲ್ಮರ್‌ಗೆ ವಂಶದಲ್ಲಿ ಕೊನೇಪಕ್ಷ ಒಬ್ಬ ಕರ್ನಲ್ ಸಿಗಲೇಬೇಕಿತ್ತು. ನಾಲ್ಕು ಜಿಲ್ಲೆಗಳ ಕಚೇರಿ ಅಲೆದು, ಗುಡ್ಡ ಅಗೆದು ಇಲಿ ಹಿಡಿದಂತೆ, ಹಂದಿ ಕದ್ದು ಸಿಕ್ಕಿಬಿದ್ದ ಒಬ್ಬ ಮುತ್ತಾತನನ್ನು ಹಿಡಿದು ತಂದು ಸುಮ್ಮನಾದ. ವರ್ಡಾಳಿಗೆ ಕರ್ನಲ್ಲೂ ಬೇಕಿರಲಿಲ್ಲ, ಕಳ್ಳನೂ ಬೇಕಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಮಗುವನ್ನು ಬಿಟ್ಟುಹೋಗದ ಒಬ್ಬ ತಾಯಿ.

ಯಾಕೆ ಎಂಬುದು ಹಳ್ಳಕ್ಕೆಲ್ಲ ಗೊತ್ತು. ಗಣಿಯ ಚಾವಣಿ ಕುಸಿದು ಅವಳ ಅಪ್ಪ ಸತ್ತಾಗ ಅವಳಿಗೆ ನಾಲ್ಕು ವರ್ಷ. ತಾಯಿ ಪಾಲೀನ್ ಮಗುವನ್ನು ತನ್ನ ಅಕ್ಕ ಓಸಿಯ ಮಡಿಲಿಗೆ ಹಾಕಿ ಕೆಲಸ ಹುಡುಕಿಕೊಂಡು ಉತ್ತರಕ್ಕೆ, ಒಹಾಯೊದ ಡೇಟನ್ನಿಗೆ ಹೋದಳು. ಆ ಕಾಲದಲ್ಲಿ ಹಾಗೆ ಹೋದವಳು ಅವಳೊಬ್ಬಳೇ ಅಲ್ಲ, ಹಳ್ಳದ ಅರ್ಧ ಜನ ಕಾರ್ಖಾನೆಗಳಿಗೆ ಹೋದರು. ನೆಲೆ ಸಿಕ್ಕ ಕೂಡಲೇ ಕರೆಸಿಕೊಳ್ಳುತ್ತೇನೆ ಎಂದಿದ್ದಳು. ನೆಲೆ ಸಿಗಲು ಐದು ವರ್ಷ ಹಿಡಿಯಿತು, ಸಿಕ್ಕ ನೆಲೆಯಲ್ಲಿ ಹೊಸ ಗಂಡನೂ ಇದ್ದ. ಒಂದು ಭಾನುವಾರ ಹೊಸ ಕೋಟು ತೊಟ್ಟು ಕಾರಿನಲ್ಲಿ ಬಂದಳು. ಒಂಬತ್ತು ವರ್ಷದ ವರ್ಡಾ ಓಸಿಯ ಬೆನ್ನ ಹಿಂದೆ ನಿಂತು ಅವಳ ಏಪ್ರನ್ನಿನ ದಾರವನ್ನು ಮುಷ್ಟಿಯಲ್ಲಿ ಹಿಡಿದಳು, ಬಿಡಲಿಲ್ಲ. ಓಸಿ ಹೋಗು ಎನ್ನಲಿಲ್ಲ, ಹೋಗಬೇಡ ಎನ್ನಲೂ ಇಲ್ಲ. ಒಲೆಯ ಮೇಲೆ ಕುದಿಯುತ್ತಿದ್ದ ಕಾಳಿನ ಕಡೆ ನೋಡುತ್ತ ನಿಂತುಬಿಟ್ಟಳು. ಪಾಲೀನ್ ಊಟಕ್ಕೂ ಕೂರದೆ ಹೊರಟಳು. ಆಮೇಲೆ ಬರುತ್ತಿದ್ದದ್ದು ಕ್ರಿಸ್‌ಮಸ್ಸಿಗೆ ಒಂದು ಫ್ರಾಕು, ಪ್ರತಿ ಸಲವೂ ಒಂದು ಅಳತೆ ಚಿಕ್ಕದು. ವರ್ಡಾ ನಲವತ್ತು ದಾಟಿದ ಮೇಲೆ ಪಾಲೀನ್ ಡೇಟನ್ನಿನಲ್ಲೇ ತೀರಿಕೊಂಡಳು. ಸುದ್ದಿ ಸಮಯಕ್ಕೆ ಸರಿಯಾಗಿಯೇ ಬಂತು. ವರ್ಡಾ ಹೋಗಲಿಲ್ಲ, ಓಸಿಯೂ ಹೋಗಲಿಲ್ಲ.

ಇಷ್ಟಿದ್ದರೂ ಅವಳು ಓಸಿಯನ್ನು ಒಂದು ದಿನವೂ ಅಮ್ಮ ಎಂದು ಕರೆದವಳಲ್ಲ. ದೊಡ್ಡಮ್ಮ ಎಂದೇ ಕರೆದಳು. ಓಸಿಯೂ ಬೇರೇನನ್ನೂ ಕೇಳಲಿಲ್ಲ. ಎಂಬತ್ತಾರರ ಓಸಿಯ ಮೂಗಿನ ತುದಿಯಲ್ಲೇ ಕೋಪ, ಕೈಯಲ್ಲಿ ರುಚಿ. ಅವಳಿಗೂ ಮದುವೆಯಾಗಲಿಲ್ಲ. ಆಗುವ ವಯಸ್ಸಿನಲ್ಲಿ ಸೊಂಟದ ಮೇಲೆ ತಂಗಿಯ ಮಗುವಿತ್ತು, ನೋಡಲು ಬಂದವನೊಬ್ಬ ಮಗುವನ್ನು ನೋಡಿ ಹಿಂದಿರುಗಿದ.

ಓಸಿ ಹುಟ್ಟಿದ ಮೇಬ್ರಿ ಮನೆತನದ ಗೋರಿಗಳು ಹಳ್ಳದ ಮೇಲಿನ ದಿಣ್ಣೆಯಲ್ಲಿವೆ. ಜೂನ್ ತಿಂಗಳ ಮೊದಲ ಭಾನುವಾರ ಮೇಬ್ರಿಗಳೆಲ್ಲ ಅಲ್ಲಿ ಸೇರುತ್ತಾರೆ. ಹುಲ್ಲು ಕೀಳುತ್ತಾರೆ, ಗೋರಿಗಳಿಗೆ ಹೂವಿಡುತ್ತಾರೆ, ಪಾದ್ರಿ ಸ್ವಲ್ಪ ಜಾಸ್ತಿಯೇ ಮಾತಾಡುತ್ತಾನೆ, ಆಮೇಲೆ ಓಕ್ ಮರದ ಕೆಳಗೆ ಉದ್ದ ಹಲಗೆ ಹಾಕಿ ಕೋಳಿ, ಕಾಳು, ಒಣಸೇಬಿನ ಪದರ ಕೇಕು ಬಡಿಸಿಕೊಂಡು ಸತ್ತವರ ನಡುವೆ ಕೂತು ಉಣ್ಣುತ್ತಾರೆ. ದಿಣ್ಣೆಯ ನೆತ್ತಿಯಲ್ಲಿ ಹೊಳೆಯಿಂದ ಹೊತ್ತು ತಂದು ನೆಟ್ಟ, ಅಕ್ಷರವಿಲ್ಲದ ಎರಡು ಕಾಡುಗಲ್ಲುಗಳಿವೆ. ಒಂದು ಅಬ್ಸಲಮ್ ಮೇಬ್ರಿಯದು, ಈ ಹಳ್ಳಕ್ಕೆ ಮೊದಲು ಬಂದವನದು. ಇನ್ನೊಂದು ಅವನ ಹೆಂಡತಿ ಟೆಂಪಿಯದು, ಓಸಿಯ ಮುತ್ತಜ್ಜನ ಅಜ್ಜಿ. ವರ್ಜೀನಿಯಾದಿಂದ ಬೆಟ್ಟದ ಕಣಿವೆ ಹತ್ತಿಳಿದು ಬರುವಾಗ ಅಬ್ಸಲಮ್ ಕುದುರೆ ಹಿಡಿದು ಮುಂದೆ ನಡೆದನಂತೆ, ಟೆಂಪಿ ಎಳೆಯ ಮಗ ಹಾರ್ಡಿನ್‌ನನ್ನು ಎದೆಗವಚಿಕೊಂಡು ಹಿಂದೆ ನಡೆದಳಂತೆ, ನದಿ ದಾಟುವಾಗಲೂ ಮಗುವನ್ನು ಗಂಡನ ಕೈಗೆ ಕೊಡಲಿಲ್ಲವಂತೆ. ಈ ಕತೆಯನ್ನು ಓಸಿ ಪುಟ್ಟ ವರ್ಡಾಳಿಗೆ ಹೇಳಿ ಮಲಗಿಸುತ್ತಿದ್ದಳು. ನದಿಯ ಭಾಗ ಬಂದಾಗ ವರ್ಡಾ ಇನ್ನೊಂದು ಸಲ ಹೇಳು ಎನ್ನುತ್ತಿದ್ದಳು.

ಆ ವರ್ಷ ಮನೆತನದವರೆಲ್ಲ ಸೇರಿ ಟೆಂಪಿಗೆ ಹೆಸರು ಕೆತ್ತಿದ ಒಂದು ನಿಜವಾದ ಕಲ್ಲು ಹಾಕಿಸುವುದೆಂದು ತೀರ್ಮಾನಿಸಿದರು. ಮಾತು ಎತ್ತಿದವಳು ಓಸಿ. ತಾನು ಕಣ್ಣು ಮುಚ್ಚುವುದರೊಳಗೆ ಆ ಕಲ್ಲನ್ನು ನೋಡಬೇಕೆಂದು ಹಟ ಹಿಡಿದಳು. ಕಲ್ಲಿನ ಮೇಲೆ ಏನು ಕೆತ್ತಬೇಕು, ತವರಿನ ಹೆಸರೇನು, ಹುಟ್ಟಿದ ವರ್ಷ ಯಾವುದು ಎಂಬುದನ್ನು ಪತ್ತೆ ಮಾಡಿಕೊಡುವುದು ವರ್ಡಾಳ ಪಾಲಿಗೆ ಬಂತು. ಅವಳು ಒಳಗೊಳಗೇ ಹಿಗ್ಗಿದಳು. ಕೆತ್ತುವವನು ಮೇ ತಿಂಗಳ ಕೊನೆಯವರೆಗೆ ಸಮಯ ಕೊಟ್ಟ.

ಟೆಂಪಿಯ ಬಗ್ಗೆ ಇದ್ದ ಕಾಗದ ಅಷ್ಟಕ್ಕಷ್ಟೇ. ಆಗಿನ ಜನಗಣತಿಯಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಬರೆಯುತ್ತಿದ್ದರು. ಹೆಂಡತಿ, ಮಕ್ಕಳು, ಮುದುಕಿ, ಎಲ್ಲರೂ ವಯಸ್ಸಿನ ಸಾಲಿನಲ್ಲಿ ಒಂದೊಂದು ಗೀಟು. ಸಾವಿರದ ಎಂಟುನೂರ ಹತ್ತರಲ್ಲಿ ವರ್ಜೀನಿಯಾದ ಅಬ್ಸಲಮ್‌ನ ಮನೆಯಲ್ಲಿ ಹೆಂಗಸಿನ ಒಂದು ಗೀಟು, ಗಂಡುಮಗುವಿನ ಒಂದು ಗೀಟು. ಇಪ್ಪತ್ತರಲ್ಲಿ ಕೆಂಟಕಿಯ ಅವನ ಮನೆಯಲ್ಲಿ ಹೆಂಗಸಿನ ಒಂದು ಗೀಟು, ಮಕ್ಕಳ ಸಾಲಿನಲ್ಲಿ ಹಲವಾರು. ಈ ಹೆಂಗಸೇ ಆ ಹೆಂಗಸು ಎಂದು ಎಲ್ಲರೂ ಓದಿಕೊಂಡಿದ್ದರು. ಮೂವತ್ತೊಂದರಲ್ಲಿ ಅಬ್ಸಲಮ್ ಸತ್ತಾಗ ಕೋರ್ಟು ವಿಧವೆಗೆಂದು ಏನನ್ನೂ ತೆಗೆದಿಟ್ಟಿರಲಿಲ್ಲ. ಅಷ್ಟರೊಳಗೆ ಟೆಂಪಿಯೂ ಹೋಗಿರಬೇಕು ಎಂದುಕೊಂಡರು. ಎಲ್ಲ ಗೀಟುಗಳೂ ಕತೆಗೆ ಸರಿಹೊಂದಿದವು.

ನಮ್ಮಲ್ಲಿ ವಂಶ ಹುಡುಕುವವರದ್ದು ಒಂದು ಚಾಳಿ. ಹಿರಿಯರು ಯಾವ ವರ್ಷ ಒಂದು ಜಿಲ್ಲೆ ಬಿಟ್ಟರೋ ಆ ವರ್ಷದ ಆಚೆ ಆ ಜಿಲ್ಲೆಯ ಪುಸ್ತಕವನ್ನು ತೆರೆಯುವುದಿಲ್ಲ. ನಮ್ಮವರು ಹೊರಟರು, ಇನ್ನು ಆ ಊರಿನ ಉಸಾಬರಿ ನಮಗೇಕೆ ಎಂಬ ಲೆಕ್ಕ. ಎಲ್ಲರ ಕಣ್ಣೂ ಬಂಡಿಯ ಹಿಂದೆಯೇ ಪಡುವಣಕ್ಕೆ ಹೋಗುತ್ತದೆ. ಮೇಬ್ರಿಗಳು ವರ್ಜೀನಿಯಾ ಬಿಟ್ಟದ್ದು ಸಾವಿರದ ಎಂಟುನೂರ ಹನ್ನೊಂದರಲ್ಲಿ, ಆದ್ದರಿಂದ ವರ್ಡಾಳೂ ಹನ್ನೊಂದಕ್ಕೆ ಆ ಪುಸ್ತಕ ಮುಚ್ಚಿದ್ದಳು.

ಏಪ್ರಿಲ್‌ನಲ್ಲಿ ಅವಳು ತನ್ನ ಹಳೆಯ ಪಿಕಪ್ಪಿನಲ್ಲಿ ಬೆಟ್ಟ ದಾಟಿ ವರ್ಜೀನಿಯಾದ ಆ ಕಚೇರಿಗೆ ಹೋದಳು. ಅಲ್ಲಿನ ದಾಖಲೆ ಕೋಣೆಯನ್ನು ನೋಡಿಕೊಳ್ಳುವ ಲವಾಡಾ ಎಂಬ ಹೆಂಗಸು ಮೊದಲು ಕೇಳಿದ್ದು ಊಟವಾಯಿತೇ ಎಂದು. ಮದುವೆಯ ಕರಾರುಪತ್ರ ಸಿಕ್ಕಿತು. ಟೆಂಪಿಯ ಪೂರ್ತಿ ಹೆಸರು ಟೆಂಪರೆನ್ಸ್ ಸ್ಟಾಲ್ಕಪ್, ತಂದೆ ಅಬ್ಸಲಮ್‌ನ ಜಮೀನಿದ್ದ ತೊರೆಯ ದಡದವನೇ. ತವರಿನ ಹೆಸರು ಸಿಕ್ಕಿದ ಖುಷಿಗೆ ವರ್ಡಾ ಹೊರಟೇಬಿಡುತ್ತಿದ್ದಳು. ಬಂದದ್ದು ಬಂದೆ, ಅಬ್ಸಲಮ್ ಜಮೀನು ಮಾರಿದ ಕ್ರಯಪತ್ರವನ್ನೂ ನೋಡೋಣ ಎಂದು ಕೂತಳು.

ಆ ಕಾಲದ ವರ್ಜೀನಿಯಾದಲ್ಲಿ ಗಂಡನ ಜಮೀನಿನಲ್ಲಿ ಹೆಂಡತಿಗೆ ಮೂರರಲ್ಲೊಂದು ಪಾಲಿನ ಹಕ್ಕಿತ್ತು. ಅವನು ಮಾರಿದರೂ ಅವಳು ಒಪ್ಪದೆ ಅದು ಹೋಗುತ್ತಿರಲಿಲ್ಲ. ಒಪ್ಪಿಗೆ ಕೇಳಲು ಇಬ್ಬರು ನ್ಯಾಯಗಾರರು ಮನೆಗೆ ಬಂದು, ಅವಳನ್ನು ಗಂಡನ ಕಣ್ಣಿಗೆ ಬೀಳದ ಕಡೆ ಕರೆದೊಯ್ದು, ಇದು ನಿನ್ನ ಮನಸ್ಸಿನ ಮಾತೋ ಗಂಡನ ಹೆದರಿಕೆಯೋ ಎಂದು ಕೇಳಬೇಕಿತ್ತು. ಅಬ್ಸಲಮ್‌ನ ಪತ್ರದಲ್ಲಿ ಆ ಒಪ್ಪಿಗೆಯೇ ಇರಲಿಲ್ಲ. ವರ್ಡಾ ಹಾಳೆಯ ಹಿಂಬದಿಯನ್ನೂ ತಿರುಗಿಸಿ ನೋಡಿದಳು. ಒಪ್ಪಿಗೆ ಇಲ್ಲವೆಂದರೆ ಹೆಂಡತಿ ಆಗಲೇ ಸತ್ತಿರಬೇಕು. ಹಾಗಾದರೆ ಮಗುವನ್ನು ಹೊತ್ತು ಬಂದವಳು ಯಾರು? ಲವಾಡಾಳ ಮುಂದೆ ಅದನ್ನೇ ಹೇಳಿ ಬೇಸರಪಟ್ಟಳು. ಮುಂದಿನ ಪುಸ್ತಕ ತರಲೇ ಎಂದು ಲವಾಡಾ ಕೇಳಿದಾಗ, ಹನ್ನೊಂದರಲ್ಲಿ ನಮ್ಮವರು ಊರು ಬಿಟ್ಟಾಯಿತಲ್ಲ ಎಂದಳು.

"ಎಲ್ರೂ ಹೋದ್ರಾ?" ಎಂದು ಲವಾಡಾ ಕೇಳಿದಳು.

ಅಷ್ಟು ಸಣ್ಣ ಪ್ರಶ್ನೆ. ಇಷ್ಟು ವರ್ಷ ಅದನ್ನು ಯಾರೂ ಕೇಳಿರಲಿಲ್ಲ.

ಎಲ್ಲರೂ ಹೋಗಿರಲಿಲ್ಲ. ಅಬ್ಸಲಮ್ ಕೆಂಟಕಿಯಲ್ಲಿ ಸತ್ತ ಮರುವರ್ಷವೇ ಟೆಂಪರೆನ್ಸ್ ಮೇಬ್ರಿ ಎಂಬ ಹೆಂಗಸು ಇದೇ ಕೋರ್ಟಿಗೆ ಅರ್ಜಿ ಹಾಕಿಕೊಂಡಿದ್ದಳು. ಗಂಡ ಸತ್ತ ಸುದ್ದಿ ದನದ ವ್ಯಾಪಾರಿಯೊಬ್ಬನಿಂದ ತಿಳಿಯಿತು, ತನ್ನ ಮೂರರಲ್ಲೊಂದು ಪಾಲನ್ನು ಬಿಡಿಸಿಕೊಡಬೇಕು ಎಂದು. ಇಬ್ಬರು ನ್ಯಾಯಗಾರರು ಬಂದು ಅಡುಗೆಮನೆಯಲ್ಲಿ ಕೇಳಿದರು, ನಾನು ಒಲ್ಲೆ ಎಂದೆ, ಅವರು ಎದ್ದು ಹೋದರು, ಎಂಟು ದಿನದೊಳಗೆ ಗಂಡ ನನ್ನ ಮಗನನ್ನು ಕುದುರೆಯ ಮೇಲೆ ಕೂರಿಸಿಕೊಂಡು ಹೊರಟುಹೋದ ಎಂದು ಅದರಲ್ಲಿತ್ತು. ಯಾಕೆ ಒಲ್ಲೆ ಎಂದಳೋ ಅದು ಇಲ್ಲ. ಮಕ್ಕಳು ಗಂಡನ ಸ್ವತ್ತಾಗಿದ್ದ ಕಾಲ, ದೂರು ಕೊಡಲು ಜಾಗವಿರಲಿಲ್ಲ. ಇಪ್ಪತ್ತು ವರ್ಷ ಅವಳು ಪಕ್ಕದ ಅಣ್ಣನ ಮನೆಯಲ್ಲಿದ್ದು ಕಾದಿದ್ದಳು. ಕೋರ್ಟು ಕಳಿಸಿದ ಪಂಚರು ನೆಲ ಅಳೆದು, ಹೊಳೆದಡದ ಕಪ್ಪುಮಣ್ಣಿನ ತುಂಡು ಬೇಕೋ ರಸ್ತೆಯ ಮಗ್ಗುಲಿನ ಇಳಿಜಾರು ಬೇಕೋ ಎಂದು ಅವಳನ್ನೇ ಕೇಳಿದರಂತೆ. ಅವಳು ಕಲ್ಲುಮಣ್ಣಿನ ಇಳಿಜಾರನ್ನೂ, ಹಳೆಯ ಮನೆಯ ರಸ್ತೆ ಕಡೆಯ ಕೋಣೆಯನ್ನೂ, ಒರತೆಗೆ ಹೋಗುವ ದಾರಿಯನ್ನೂ ಕೇಳಿ ಪಡೆದಳು. ಬುದ್ಧಿಯಿದ್ದವರು ಆ ತುಂಡನ್ನು ಆರಿಸುವುದಿಲ್ಲ ಎಂದು ಅವರಲ್ಲೊಬ್ಬ ವರದಿಯ ಅಂಚಿನಲ್ಲಿ ಬರೆದುಬಿಟ್ಟಿದ್ದ. ಕೆಂಟಕಿಯಿಂದ ಯಾರಾದರೂ ಬಂದರೆ ಆ ರಸ್ತೆಯಲ್ಲೇ ಬರಬೇಕೆಂಬುದು ವರ್ಡಾಳಿಗೆ ಓದುತ್ತಿದ್ದಂತೆಯೇ ಹೊಳೆಯಿತು.

ಮುಂದಿನ ಜನಗಣತಿಗಳಲ್ಲಿ ಅವಳು ಸಿಗುತ್ತಲೇ ಹೋದಳು. ಯಜಮಾನಿ, ಒಬ್ಬಳೇ. ಐವತ್ತೆರಡನೇ ಇಸವಿಯಲ್ಲಿ ಉಯಿಲು. ದನ ಅಣ್ಣನ ಮಕ್ಕಳಿಗೆ, ಪಾತ್ರೆ ಅವರ ಹೆಂಡಂದಿರಿಗೆ. ಆಮೇಲೆ ಹೀಗೆ: ಗರಿಯ ಹಾಸಿಗೆ ಮತ್ತು ಅದರ ಹೊದಿಕೆಗಳು ನನ್ನ ಮಗ ಹಾರ್ಡಿನ್‌ನವು, ಅವನು ಬದುಕಿದ್ದು ಕೇಳಿಕೊಂಡು ಬಂದರೆ. ಬರುವವರೆಗೆ ಹಾಸಿಗೆಯನ್ನು ಯಾರೂ ಬಳಸಕೂಡದು.

ವರ್ಡಾ ಆ ಹಾಳೆಯ ಮೇಲೆ ಕೈಯಿಟ್ಟುಕೊಂಡು ಅತ್ತಳು. ಅವಳು ಅತ್ತದ್ದು ಟೆಂಪಿಗಾಗಿ ಮಾತ್ರವಲ್ಲ ಎಂಬುದನ್ನು ಮುಚ್ಚಿಡುವುದೇಕೆ. ಡೇಟನ್ನಿನ ಆ ಮನೆಯಲ್ಲಿ ತನಗೂ ಒಂದು ಹಾಸಿಗೆ ಇತ್ತೋ ಇಲ್ಲವೋ ಎಂದು ಅವಳು ಒಂಬತ್ತನೇ ವಯಸ್ಸಿನಿಂದ ಯೋಚಿಸುತ್ತಲೇ ಇದ್ದಳು. ಒಮ್ಮೆಯೂ ಹೋಗಿ ನೋಡಿರಲಿಲ್ಲ. ಈಗ ನೋಡಬೇಕೆನಿಸಿತು, ನೋಡಲು ಏನೂ ಉಳಿದಿರಲಿಲ್ಲ.

ಮನೆಗೆ ಬಂದಾಗ ಓಸಿ ಮುಂಜಗುಲಿಯಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ವರ್ಡಾ ನಿಂತ ನಿಲುವಿನಲ್ಲೇ ಎಲ್ಲವನ್ನೂ ಹೇಳಿದಳು. ಟೆಂಪಿ ಬರಲೇ ಇಲ್ಲ, ಬೆಟ್ಟದಾಚೆಯೇ ಉಳಿದಳು, ಸಾಯುವವರೆಗೆ ಕಾದಳು. ಕಲ್ಲನ್ನು ಅಲ್ಲಿಗೇ ಒಯ್ದು ನೆಡೋಣ, ನಿಜವಾದ ತಾಯಿಗೆ ಇಷ್ಟಾದರೂ ಮಾಡೋಣ ಎಂದಳು. ಓಸಿ ಕಾಯಿ ಮುರಿಯುವುದನ್ನು ನಿಲ್ಲಿಸಲಿಲ್ಲ.

"ಹಾಗಾದ್ರೆ ನಮ್ಮ ದಿಣ್ಣೆ ಮೇಲೆ ಮಲಗಿರೋಳು ಯಾರೇ?"

"ಗೊತ್ತಿಲ್ಲ ದೊಡ್ಡಮ್ಮ. ಹೆಸ್ರಿಲ್ಲ. ಮದ್ವೇನೂ ಆಗಿಲ್ಲ. ಅಬ್ಸಲಮ್ ಸತ್ತಾಗ ಕೋರ್ಟು ಅವ್ಳನ್ನ ಲೆಕ್ಕಕ್ಕೇ ತಗೊಂಡಿಲ್ಲ. ಕಾಗದದಲ್ಲಿ ಬರೀ ಒಂದು ಗೀಟು."

"ಆ ಹುಡುಗನ ಬಟ್ಟೆ ಒಗೆದೋರು ಯಾರು?"

ವರ್ಡಾ ಕೈಯಲ್ಲಿದ್ದ ಕಾಗದಗಳನ್ನು ಮೆಟ್ಟಿಲ ಮೇಲಿಟ್ಟಳು.

"ಜ್ವರ ಬಂದಾಗ ಪಕ್ಕದಲ್ಲಿ ಕೂತೋರು ಯಾರು? ಬೆಟ್ಟದಾಚೆಯಿಂದ ಹಾಸಿಗೆ ಬಂದು ಕೂತಿತ್ತಾ?" ಓಸಿ ಬುಟ್ಟಿಯನ್ನು ಪಕ್ಕಕ್ಕಿಟ್ಟಳು. "ನಿನ್ನ ಆ ದೊಡ್ಡ ಹಾಳೆ ತಗೊಂಬಾ. ವಂಶದ ಹಾಳೆ. ಅದ್ರಲ್ಲಿ ನಾನೆಲ್ಲಿದ್ದೀನಿ ತೋರ್ಸು."

ಹಾಳೆ ತರುವ ಅಗತ್ಯವಿರಲಿಲ್ಲ, ಇಬ್ಬರಿಗೂ ಅದು ಬಾಯಿಪಾಠ. ಕೆಳಗೆ ವರ್ಡಾ, ಅವಳ ಮೇಲೆ ಅಪ್ಪ, ಪಾಲೀನ್, ಪಾಲೀನ್‌ಳ ಮೇಲೆ ಅವಳ ತಂದೆತಾಯಿ. ಅಂಥ ಹಾಳೆಗಳಲ್ಲಿ ಹೆತ್ತವರಿಗೆ ಮಾತ್ರ ಮನೆ ಕಟ್ಟಿರುತ್ತಾರೆ, ಅಕ್ಕತಂಗಿಯರಿಗೆ ಜಾಗವಿಲ್ಲ.

"ಅವ್ಳಿಗೆ ಒಂದು ಗೀಟಾದ್ರೂ ಇತ್ತು," ಎಂದಳು ಓಸಿ. "ನಂಗೆ ಅದೂ ಇಲ್ಲ."

ಆ ರಾತ್ರಿಯಿಂದ ಮನೆಯಲ್ಲಿ ಮಾತು ನಿಂತಿತು. ಓಸಿ ಅಡುಗೆ ಮಾಡುತ್ತಿದ್ದಳು, ಬಡಿಸುತ್ತಿದ್ದಳು, ತಾನು ಒಳಗೆ ಹೋಗಿ ಉಣ್ಣುತ್ತಿದ್ದಳು. ವರ್ಡಾ ಹೊರಗೆ ಒಬ್ಬಳೇ ಉಣ್ಣುತ್ತಿದ್ದಳು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಎನ್ನುತ್ತಾರಲ್ಲ, ಆ ಮಾತು ತನ್ನನ್ನು ನೋಡಿಯೇ ಹುಟ್ಟಿರಬೇಕು ಎನಿಸಿ ನಾಚಿಕೆಯಾಯಿತು. ಆದರೂ ಟೆಂಪಿಯನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಒಬ್ಬಳಿಗಾಗಿ ಇನ್ನೊಬ್ಬಳನ್ನು ಯಾಕೆ ಬಿಡಬೇಕು ಎಂದು ಅವಳಿಗೆ ಸಿಟ್ಟೂ ಬರುತ್ತಿತ್ತು. ಕಲ್ಲು ಒಂದೇ ಇತ್ತು, ಕೆತ್ತುವವನು ಎರಡು ಸಲ ಫೋನು ಮಾಡಿದ.

ಹೊತ್ತು ಕಳೆಯಲಾರದೆ ಅವಳು ಅಬ್ಸಲಮ್ ಸತ್ತ ಮೇಲಿನ ಹರಾಜಿನ ಪಟ್ಟಿಯನ್ನು ಮತ್ತೆ ತೆಗೆದಳು. ಮನೆತನದವರೆಲ್ಲ ಓದಿ ನಕ್ಕಿದ್ದ ಪಟ್ಟಿ ಅದು. ಸತ್ತವನ ಬದುಕನ್ನೆಲ್ಲ ಅಂಗಳಕ್ಕೆ ತಂದು ಕೂಗಿ ಮಾರಿದ್ದರು. ಯಾರು ಏನು ಕೊಂಡರು ಎಂದು ಬರೆದಿತ್ತು. ಕಿರಿಯ ಮಕ್ಕಳಲ್ಲಿ ಒಬ್ಬ ಕೋವಿ ಕೊಂಡ, ಒಬ್ಬ ಕಂದು ಕುದುರೆ ಕೊಂಡ. ಹಿರಿಯ ಹಾರ್ಡಿನ್, ಇಪ್ಪತ್ತೆರಡರ ಹುಡುಗ, ಕೊಂಡದ್ದು ಒಂದು ನೂಲುವ ರಾಟೆ, ಒಂದು ಸಣ್ಣ ಕಬ್ಬಿಣದ ಪಾತ್ರೆ, ಹೆಂಗಸರು ಕೂರುವ ಒಂದು ಕುದುರೆ ತಡಿ. ಹುಡುಗಿ ಗೊತ್ತಾಗುವ ಮೊದಲೇ ಮದುವೆಗೆ ತಯಾರಾದ ನೋಡು ಎಂದು ಡೆಲ್ಮರ್ ವರ್ಷ ವರ್ಷವೂ ಅದನ್ನೇ ಹೇಳಿ ನಗಿಸುತ್ತಿದ್ದ. ಆದರೆ ಹಾರ್ಡಿನ್‌ಗೆ ಮದುವೆಯಾದದ್ದು ಆರು ವರ್ಷದ ಮೇಲೆ.

ವರ್ಡಾ ಆ ಅಂಗಳವನ್ನು ಕಣ್ಣ ಮುಂದೆ ತಂದುಕೊಂಡಳು. ಮದುವೆಯಾಗದ ಹೆಂಗಸಿಗೆ ಆ ಮನೆಯಲ್ಲಿ ಸೂಜಿಯೂ ಸ್ವಂತದ್ದಲ್ಲ. ಇಪ್ಪತ್ತು ವರ್ಷ ತಾನು ನೂತ ರಾಟೆಗೆ ಊರವರು ಬೆಲೆ ಕೂಗುವುದನ್ನು ಅವಳು ಎಲ್ಲೋ ಬೇಲಿಯ ಪಕ್ಕ ನಿಂತು ನೋಡುತ್ತಿದ್ದಿರಬೇಕು. ಹೆತ್ತ ಮಕ್ಕಳು ಕೋವಿ, ಕುದುರೆ ಎಂದು ಮುಗಿಬಿದ್ದರು. ಅವಳು ಹೆರದ ಒಬ್ಬನೇ ರಾಟೆಗೆ ಕೈ ಎತ್ತಿದ. ನಲವತ್ತರ ಜನಗಣತಿಯಲ್ಲಿ ಹಾರ್ಡಿನ್‌ನ ಮನೆಯಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸಿನ ಗೀಟು ಇತ್ತು. ಹೆಂಡತಿಯ ತಾಯಿ ಎಂದುಕೊಂಡಿದ್ದರು ಎಲ್ಲರೂ. ಹೆಂಡತಿಯ ತಾಯಿ ಆಗ ತನ್ನ ಮನೆಯಲ್ಲೇ ಇದ್ದಳೆಂಬುದು ಪುಟ ತಿರುಗಿಸಿದ ಕೂಡಲೇ ಸಿಕ್ಕಿತು.

ಅವಳು ಒಲೆಯ ಮುಂದೆ ನಿಂತಿದ್ದ ಓಸಿಯ ಹತ್ತಿರ ಹೋಗಿ ಇಷ್ಟನ್ನೂ ಓದಿ ಹೇಳಿದಳು. ಕಲ್ಲು ಈ ದಿಣ್ಣೆಯಲ್ಲೇ ಇರಲಿ, ಹೆಸರು ಗೊತ್ತಿಲ್ಲದಿದ್ದರೆ ಬೇಡ, ಹಾರ್ಡಿನ್‌ನನ್ನು ಸಾಕಿದ ತಾಯಿ ಎಂದಷ್ಟೇ ಕೆತ್ತಿಸುತ್ತೇನೆ ಎಂದಳು. ಓಸಿ ಒಲೆಯ ಉರಿ ತಗ್ಗಿಸಿದಳು.

"ಕುದುರೆ ತಡಿ ಯಾಕಂತೆ ಅವ್ಳಿಗೆ?"

"ಹೋಗೋದಾದ್ರೆ ಹೋಗ್ಲಿ ಅಂತ ಇರ್ಬೇಕು."

"ಹೋಗ್ಲಿಲ್ಲ ಅಲ್ವಾ?"

"ಇಲ್ಲ. ಅವ್ನ ಮನೇಲೇ ಇದ್ಲು."

ಓಸಿ ಏಪ್ರನ್ನಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಅವಳು ಕೇಳಿದ್ದು ವರ್ಡಾ ಎಣಿಸಿರದ ಮಾತು.

"ಅವ್ನು ಹೋದ್ನಾ? ಆ ಹಾಸಿಗೆಗೆ?"

ಹೋಗಿರಲಿಲ್ಲ. ಟೆಂಪಿ ಸತ್ತು ಹತ್ತು ವರ್ಷದ ಮೇಲೆ ಯಾರೂ ಬಾರದ ಕಾರಣ ಹಾಸಿಗೆಯನ್ನು ಅಣ್ಣನ ಮಕ್ಕಳಿಗೆ ಕೊಡಲಾಯಿತೆಂದು ಕೊನೆಯ ಕಾಗದದಲ್ಲಿತ್ತು. ಹಾರ್ಡಿನ್‌ಗೆ ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದೂ ಹೋಗಲಿಲ್ಲವೆಂದೇ ವರ್ಡಾಳಿಗೆ ಅನಿಸುತ್ತಿತ್ತು, ಯಾಕೆಂದರೆ ತಾನು ಹೋಗಿರಲಿಲ್ಲ. ಸಾಕಿದವಳು ನೊಂದುಕೊಂಡಾಳು ಎಂಬ ಹೆದರಿಕೆ ಎಂಥದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಹೋಗ್ಬೇಕಿತ್ತು," ಎಂದಳು ಓಸಿ. "ಅವ್ಳೇ ಕಳಿಸ್ಬೇಕಿತ್ತು." ಆಮೇಲೆ ಒಲೆ ಆರಿಸಿ, ತನ್ನನ್ನು ಆ ಜಾಗಕ್ಕೆ ಕರೆದುಕೊಂಡು ಹೋಗೆಂದಳು. ಈ ವಯಸ್ಸಿನಲ್ಲಿ ಆ ಬೆಟ್ಟದ ದಾರಿ ಆಗದು ಎಂದರೆ, ಟೆಂಪಿಗಿಂತ ತಾನೇನೂ ಜಾಸ್ತಿ ಸತ್ತಿಲ್ಲ ಎಂದಳು.

ಹೆಸರಿಲ್ಲ, ವರ್ಷವಿಲ್ಲ, ಜನ ನಗುತ್ತಾರೆ ಎಂದು ಗೊಣಗುತ್ತ ಕೆತ್ತುವವನು ಕೆಲಸ ಒಪ್ಪಿಕೊಂಡ. ಗೋರಿಗಳಿಗೆ ಹೂವಿಡುವ ಭಾನುವಾರಕ್ಕೆ ವಾರವಿರುವಾಗ ಇಬ್ಬರೂ ಪಿಕಪ್ಪಿನಲ್ಲಿ ಹೊರಟರು. ಓಸಿ ತನ್ನ ಚರ್ಚಿನ ಟೋಪಿ ಹಾಕಿಕೊಂಡಿದ್ದಳು, ಮಡಿಲಲ್ಲಿ ಪರ್ಸು. ಕಣಿವೆಯ ತಿರುವುಗಳಲ್ಲಿ ಕಣ್ಣು ಮುಚ್ಚಿ, ಬಸ್ಸಿನ ಮಕ್ಕಳನ್ನು ನೀನು ಹೇಗೆ ಜೀವಂತ ಮುಟ್ಟಿಸಿದೆಯೋ ದೇವರೇ ಬಲ್ಲ ಎಂದು ಬೈಯುತ್ತಿದ್ದಳು. ಲವಾಡಾ ನಕ್ಷೆ ಬರೆದುಕೊಟ್ಟಿದ್ದರಿಂದ ಜಾಗ ಸಿಗುವುದು ಕಷ್ಟವಾಗಲಿಲ್ಲ. ಮನೆಯಿರಲಿಲ್ಲ. ಗೋರಿಯೂ ಎಲ್ಲೆಂದು ಯಾರಿಗೂ ಗೊತ್ತಿರಲಿಲ್ಲ. ಕಲ್ಲುಮಣ್ಣಿನ ಇಳಿಜಾರು, ನಾಲ್ಕಾರು ಹಸುಗಳು, ಕಲ್ಲುಗಳ ನಡುವೆ ಒಸರುವ ಒರತೆ, ಮತ್ತು ಆ ರಸ್ತೆ. ಕಚೇರಿಯಲ್ಲಿ ಅತ್ತಿದ್ದ ವರ್ಡಾಳಿಗೆ ಇಲ್ಲಿ ಅಳು ಬರಲಿಲ್ಲ. ಬೇಲಿಯ ಆಚೆ ನೋಡುತ್ತ, ಇಷ್ಟು ಹತ್ತಿರವಿದ್ದ ದಾರಿಯಲ್ಲಿ ಯಾರೂ ಬರಲಿಲ್ಲವಲ್ಲ ಎಂದು ಸಂಕಟವಾಯಿತು.

ಓಸಿ ಬೇಲಿಯ ಗೂಟ ಹಿಡಿದು ನಿಂತಳು. ಪಕ್ಕದ ಮನೆಯವಳೊಡನೆ ಮಾತಾಡುವಷ್ಟೇ ದನಿಯಲ್ಲಿ ಇಳಿಜಾರಿಗೆ ಹೇಳಿದಳು.

"ಟೆಂಪಿ, ನಿನ್ನ ಹುಡುಗ ಚೆನ್ನಾಗಿದ್ದ ಕಣಮ್ಮ. ಒಂದು ದಿನಾನೂ ಹಸ್ಕೊಂಡು ಮಲಗ್ಲಿಲ್ಲ. ಅವ್ಳು ಅವನನ್ನ ನಿನ್ನಿಂದ ಕಿತ್ಕೊಳ್ಳೋಕೆ ಅಂತ ಸಾಕಿದ್ದಲ್ಲ. ಮಗು ಬಂತು, ಎತ್ಕೊಂಡ್ಲು, ಆಮೇಲೆ ಇಳಿಸೋಕೆ ಆಗ್ಲಿಲ್ಲ. ಇಷ್ಟನ್ನ ಯಾರಾದ್ರೂ ಬಂದು ನಿಂಗೆ ಹೇಳ್ಬೇಕಿತ್ತು."

ವರ್ಡಾ ಅವಳ ತೋಳು ಹಿಡಿದು ಗಾಡಿಗೆ ಹತ್ತಿಸಿದಳು. ಓಸಿ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಪಾಲೀನ್‌ನ ಎಲ್ಲಿ ಮಣ್ಣು ಮಾಡಿದಾರೆ, ಗೊತ್ತಾ ನಿಂಗೆ?"

"ಗೊತ್ತು ದೊಡ್ಡಮ್ಮ."

"ಎಷ್ಟು ದೂರ?"

"ಇಲ್ಲಿಂದ ಇಡೀ ದಿನದ ದಾರಿ. ಮನೆ ಆ ಕಡೆ ಅಲ್ಲ."

"ಮನೆ ಯಾವ ಕಡೆ ಅಂತ ನಂಗೆ ಗೊತ್ತು," ಎಂದಳು ಓಸಿ. "ಅವ್ಳಿಗೂ ಯಾರೂ ಹೇಳ್ಲಿಲ್ಲ. ಗಾಡಿ ತಿರುಗ್ಸು."

ವರ್ಡಾ ಕೀಲಿ ಹಾಕಿದಳು. ಆಮೇಲೆ ಅವಳು ಗಾಡಿಯನ್ನು ಉತ್ತರದ ರಸ್ತೆಗೆ ತಿರುಗಿಸಿದಳು.